ಸಂಜೆ ಏಳರ ಹ್ಯಾಂಡೋವರ್

ಸಂಜೆ ಆರೂವರೆ ಆಯಿತೆಂದರೆ ನನ್ನ ಗಂಡ ಬಾಗಿಲ ಬಳಿ ಬಂದು ನಿಂತು, "ನಾನು ಮನೆಗೆ ಹೋಗಬೇಕು" ಎನ್ನುತ್ತಿದ್ದರು. ನಿಂತಿರುತ್ತಿದ್ದದ್ದು ನಮ್ಮ ಮನೆಯ ಬಾಗಿಲಲ್ಲೇ. ಹದಿನಾಲ್ಕು ವರ್ಷದಿಂದ ನಾವಿರುವ, ಮಲೇಷ್ಯಾದ ಸೈಬರ್‌ಜಯಾದ ಫ್ಲ್ಯಾಟು. ಗೋಡೆಯ ಮೇಲೆ ನಮ್ಮ ಮದುವೆ ಫೋಟೊ, ಒಲೆಯ ಮೇಲೆ ನಾನು ಮಾಡಿದ ಹುಳಿ. "ಇದೇ ಮನೆ ಕಣ್ರೀ, ಇನ್ನೆಲ್ಲಿಗೆ ಹೋಗ್ತೀರಾ?" ಎಂದು ನಾನು ದಿನಾ ಹೇಳುತ್ತಿದ್ದೆ. ಅವರು ದಿನಾ ನನ್ನನ್ನು ಕನಿಕರದಿಂದ ನೋಡುತ್ತಿದ್ದರು, ಪಾಪ ಈ ಹೆಂಗಸಿಗೆ ಏನೂ ಗೊತ್ತಿಲ್ಲ ಎನ್ನುವ ಹಾಗೆ. ನನಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ ಎಂದು ತಿಳಿಯಲು ವರ್ಷದ ಮೇಲಾಯಿತು.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಬಾಗಿಲ ಬಳಿ ನಿಂತಿದ್ದರೆ ನಾನು ಮಾಡಿದ ತಪ್ಪು ನಿಮಗಾದರೂ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕಾಯಿಲೆಯ ವಿವರ ಬೇಕಾದವರು ಡಾಕ್ಟರನ್ನು ಕೇಳಿ. ನನಗೆ ಗೊತ್ತಿರುವುದು ನಮ್ಮ ಮನೆ ಬಾಗಿಲು ಮಾತ್ರ.

ಇವರ ಹೆಸರು ನಾಗಭೂಷಣ. ಮೈಸೂರಿನವರು, ಮೃದು ಮಾತಿನವರು. ನಾನು ವಿಮಲಾ, ದಾವಣಗೆರೆಯವಳು, ಬಾಯಿ ಸ್ವಲ್ಪ ಜೋರು. ಇವರದು ಡೇಟಾ ಸೆಂಟರಿನಲ್ಲಿ ಕೆಲಸ. ಹಾಗಂದರೇನೆಂದು ನಮ್ಮಮ್ಮ ಒಮ್ಮೆ ಫೋನಿನಲ್ಲಿ ಕೇಳಿದಾಗ ಇವರು, "ಅತ್ತೆ, ಸಾವಿರಾರು ಕಂಪ್ಯೂಟರ್ ಇರ್ತವೆ. ಅವನ್ನೆಲ್ಲ ತಣ್ಣಗೆ ಇಟ್ಕೊಂಡು, ಒಂದೂ ನಿಂತು ಹೋಗದ ಹಾಗೆ ನೋಡ್ಕೊಳ್ಳೋದು" ಎಂದಿದ್ದರು. "ಹಂಗಾರೆ ಕಾವಲು ಕಾಯ್ತೀರಿ ಅನ್ರಿ" ಎಂದು ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದ್ದಳು. ಇವರು ಅದನ್ನು ನೆನೆಸಿಕೊಂಡು ವಾರಗಟ್ಟಲೆ ನಕ್ಕರು.

ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಇವರ ಶಿಫ್ಟು. ಒಳಗೆ ವಿಪರೀತ ಚಳಿ, ಹೊರಗೆ ಬೆವರು ಕಿತ್ತುಕೊಂಡು ಬರುವ ಸೆಕೆ. ನಾನು ಹೆಣೆದುಕೊಟ್ಟ ಕಂದು ಸ್ವೆಟರನ್ನು ಅಲ್ಲಿಗೆ ಹೋದ ಮೇಲೆ ಹಾಕಿಕೊಂಡು, ಹೊರಡುವಾಗ ಮಡಿಸಿ ಎಡ ತೋಳಿನ ಮೇಲೆ ಹಾಕಿಕೊಂಡು ಬರುತ್ತಿದ್ದರು. ಮಲೇಷ್ಯಾದ ಈ ಸೆಕೆಯಲ್ಲಿ ಸ್ವೆಟರ್ ಹೊತ್ತು ತಿರುಗುವ ಮನುಷ್ಯ ಇವರೊಬ್ಬರೇ ಎಂದು ನಮ್ಮ ಬ್ಲಾಕಿನವರೆಲ್ಲ ತಮಾಷೆ ಮಾಡುತ್ತಿದ್ದರು.

ಶುರುವಾದದ್ದು ರೊಟ್ಟಿ ಚನಾಯ್‌ನಿಂದ, ಅಂದರೆ ಇಲ್ಲಿಯ ಪರೋಟದಿಂದ. ಮಾಮಕ್ ಅಂಗಡಿಯಿಂದ, ಇಲ್ಲಿಯ ತಮಿಳು ಮುಸ್ಲಿಮರ ಹೋಟೆಲಿನಿಂದ, ತಪಾವ್ ಮಾಡಿಸಿಕೊಂಡು, ಅಂದರೆ ಕಟ್ಟಿಸಿಕೊಂಡು ಬರುತ್ತೇನೆಂದು ಹೋದವರು ಒಂದೇ ಸಂಜೆ ಮೂರು ಸಲ ಹೋಗಿ ಮೂರು ಸಲ ತಂದರು. "ಊರಿಗೆಲ್ಲ ಊಟ ಹಾಕ್ತೀರೇನ್ರೀ?" ಎಂದು ನಾನು ರೇಗಿದೆ. ಅವರು ಮೂರು ಪೊಟ್ಟಣಗಳನ್ನೂ ನೋಡುತ್ತಾ ಬಹಳ ಹೊತ್ತು ನಿಂತಿದ್ದರು. ಆ ಮುಖ ನೆನಪಾದರೆ ಈಗಲೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಕೆಲವು ತಿಂಗಳಲ್ಲೇ ಕೆಲಸ ಬಿಟ್ಟರು. ಕಾರಣ ಕೇಳಿದರೆ "ಸಾಕಾಯ್ತು ಕಣೇ" ಎಂದಷ್ಟೇ ಹೇಳಿದರು.

ಪುತ್ರಜಯಾದ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕೊರೊನಾ ಬಂದಾಗಿತ್ತು. ಕಾಯುವ ಕೋಣೆಯಲ್ಲಿ ಒಂದು ಕುರ್ಚಿ ಬಿಟ್ಟು ಒಂದು ಕುರ್ಚಿಗೆ ಕೆಂಪು ಟೇಪು. ಮೂವತ್ತಮೂರು ವರ್ಷ ಒಟ್ಟಿಗೆ ಸಂಸಾರ ಮಾಡಿದವರು ಟೇಪಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಇಬ್ಬರಿಗೂ ಮಾಸ್ಕು. ಸ್ವಲ್ಪ ಹೊತ್ತಾದ ಮೇಲೆ ಇವರು ನನ್ನ ಕಡೆ ಬಾಗಿ ವಿನಯದಿಂದ, "ಮೇಡಂ, ನಿಮ್ದು ಯಾವ ನಂಬರ್?" ಎಂದರು. ಮಾಸ್ಕಿನಿಂದ ಗುರುತು ಸಿಗಲಿಲ್ಲವೆಂದು ನಾನು ಸಮಾಧಾನ ಮಾಡಿಕೊಂಡೆ. ಆದರೂ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅದನ್ನು ನೋಡಿದ ವಯಸ್ಸಾದ ಮಲಾಯ್ ನರ್ಸೊಬ್ಬಳು ಅತ್ತಿತ್ತ ನೋಡಿ, ನಡುವಿನ ಕುರ್ಚಿಯ ಟೇಪನ್ನು ಸರ್ರನೆ ಕಿತ್ತು, "ಸಿಟ್ ಲಾ. ಹಸ್ಬೆಂಡ್, ವೈಫ್, ಸೇಮ್ ಹೌಸ್" ಎಂದು ಹೇಳಿ ಏನೂ ಆಗದವಳಂತೆ ಹೋದಳು. ಅವಳ ಹೆಸರೂ ನನಗೆ ಗೊತ್ತಿಲ್ಲ. ದೇವರ ಮುಂದೆ ದೀಪ ಹಚ್ಚುವಾಗ ಆಗಾಗ ನೆನೆಸಿಕೊಳ್ಳುತ್ತೇನೆ.

ಒಳಗೆ ಡಾಕ್ಟರಮ್ಮ ಒಂದು ಹಾಳೆ ಕೊಟ್ಟು ಗಡಿಯಾರ ಬರೆದು ಹತ್ತು ಗಂಟೆ ತೋರಿಸಿ ಎಂದರು. ಇವರು ಪೆನ್ನು ಹಿಡಿದು, "ಯಾವ ದೇಶದ ಟೈಮು ಡಾಕ್ಟರ್? ಸಿಂಗಪುರವಾ, ಲಂಡನ್ನಾ?" ಎಂದು ಕೇಳಿದರು. ಡಾಕ್ಟರಮ್ಮನಿಗೂ ನಗು, ನನಗೂ ನಗು. ಅಬ್ಬಾ, ಇವರಿಗೇನೂ ಆಗಿಲ್ಲ ಎಂದುಕೊಂಡೆ. ಇವರು ಬರೆದು ಮುಗಿಸಿದಾಗ ನೋಡಿದರೆ ದುಂಡನೆಯ ಗೆರೆಯ ಒಂದೇ ಬದಿಯಲ್ಲಿ ಹನ್ನೆರಡೂ ಅಂಕಿಗಳು ಒಂದರ ಮೇಲೊಂದು ಬಿದ್ದಿದ್ದವು. ಉಳಿದ ಅಷ್ಟೂ ಜಾಗ ಖಾಲಿ. ಆಮೇಲೆ ಡಾಕ್ಟರಮ್ಮ ಏನೇನು ಹೇಳಿದರೋ ನನ್ನ ತಲೆಗೆ ಹೋಗಲಿಲ್ಲ. ಡಿಮೆನ್ಷಿಯಾ ಎಂಬ ಮಾತು ಮಾತ್ರ ಕೇಳಿಸಿತು.

ಮಗಳು ಮೇಘನಾ ಇರುವುದು ಸುಬಾಂಗ್ ಜಯಾದಲ್ಲಿ, ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಇಲ್ಲೇ ಬೆಳೆದವಳು. ನಾನು ಕನ್ನಡದಲ್ಲಿ ಮಾತಾಡುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ವಿಷಯ ಹೇಳಿದಾಗ, "ಓಕೆ ಅಮ್ಮಾ. ವಾಟ್ ಈಸ್ ದ ಪ್ಲಾನ್?" ಎಂದಳು. ಅಪ್ಪನ ತಲೆ ಖಾಲಿಯಾಗುತ್ತಿದೆ, ಇವಳಿಗೆ ಪ್ಲಾನ್ ಬೇಕಂತೆ ಎಂದು ಕೋಪದಿಂದ ಫೋನ್ ಇಟ್ಟೆ. ಅವಳು ಆಮೇಲೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಅತ್ತಳೆಂದು ಅಳಿಯ ಹೇಳಿದ್ದು ಎಷ್ಟೋ ದಿನದ ಮೇಲೆ.

ಎರಡನೇ ವರ್ಷದ ಲಾಕ್‌ಡೌನಿನಲ್ಲಿ ಜಿಲ್ಲೆ ದಾಟುವ ಹಾಗಿರಲಿಲ್ಲ. ಅರ್ಧ ಗಂಟೆ ದೂರದ ಮಗಳು ದಾವಣಗೆರೆಯಷ್ಟೇ ದೂರವಾದಳು. ಸಾಮಾನು ತರಲು ಒಂದು ಮನೆಯಿಂದ ಒಬ್ಬರೇ ಹೋಗಬೇಕು. ಹಾಗಾಗಿ ವಾರಕ್ಕೊಮ್ಮೆ ಇವರನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದೆ. ಒಂದು ಸಲ ಅಕ್ಕಿ, ಬೇಳೆಯ ಚೀಲ ಹೊತ್ತು ಬಂದು ಬೀಗ ತೆಗೆದರೆ, ಇವರು ಬಾಗಿಲಿಗೆ ಹೊಂದಿಕೊಂಡೇ ನಿಂತಿದ್ದರು. ಬಾಗಿಲು ಬಡಿದು ಬಡಿದು ಬೆರಳಿನ ಗಿಣ್ಣು ಕೆಂಪಾಗಿತ್ತು. ತೋಳಿನ ಮೇಲೆ ಸ್ವೆಟರ್. "ನನ್ನನ್ನ ಬಿಟ್ಟುಬಿಡಿ ಮೇಡಂ, ಟೈಮಾಯ್ತು" ಎಂದರು. ಬೀಗ ಹಾಕಿದ್ದು ನಾನೇ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಸಂಜೆಗಳಂತೂ ಬೇಡ. ಬಾಯಲ್ಲಿ ಮನೆ ಎಂದರೂ, ತೋಳಿನ ಸ್ವೆಟರ್ ನೋಡಿ ಆಫೀಸಿಗೇ ಹೊರಟಿದ್ದಾರೆಂದು ನಾನು ತಿಳಿದಿದ್ದೆ. ಟಿವಿ ಹಾಕಿದೆ, ಬೋಂಡ ಕರಿದೆ, ಬೈದೆ, ಕೈ ಮುಗಿದೆ. "ನೀವು ರಿಟೈರ್ ಆಗಿದೀರಿ ಕಣ್ರೀ, ಆಫೀಸೂ ಇಲ್ಲ ಏನೂ ಇಲ್ಲ" ಎಂದು ಎಷ್ಟು ಸಲ ಹೇಳಿದರೂ ಆರೂವರೆಗೆ ಸರಿಯಾಗಿ ಎದ್ದು ಬರುತ್ತಿದ್ದರು. ಗಡಿಯಾರ ಬರೆಯಲಾಗದ ಮನುಷ್ಯನಿಗೆ ಗಂಟೆ ಹೇಗೆ ತಿಳಿಯುತ್ತಿತ್ತೋ ಆ ಶಿವನೇ ಬಲ್ಲ. ಒಂದು ಸಂಜೆ ನಾನು ಅಡ್ಡ ನಿಂತೆ. ಇವರು ನನ್ನನ್ನು ತಳ್ಳಿದರು. ಮದುವೆಯಾದಾಗಿನಿಂದ ಒಂದು ದಿನ ದನಿ ಎತ್ತಿದವರಲ್ಲ. ಬಿದ್ದ ಪೆಟ್ಟಿಗೆ ನನ್ನ ಮಣಿಕಟ್ಟು ಊದಿಕೊಂಡಿತು.

ವಿಡಿಯೊ ಕಾಲಿನಲ್ಲಿ ಬ್ಯಾಂಡೇಜ್ ನೋಡಿದ ಮೇಘನಾ ಎರಡೇ ದಿನದಲ್ಲಿ ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಹೋಮ್ ಹುಡುಕಿದಳು. ಒಳ್ಳೆಯ ಜಾಗ, ಸೋಮವಾರ ಹಾಸಿಗೆ ಖಾಲಿಯಾಗುತ್ತದೆ, ಅವರೇ ಪರ್ಮಿಟ್ ತೆಗೆದು ಕಾರು ಕಳಿಸುತ್ತಾರೆ. "ಯು ಕಾಂಟ್ ಡು ದಿಸ್ ಅಲೋನ್, ಅಮ್ಮಾ." ಕೊರೊನಾ ಮುಗಿಯುವವರೆಗೆ ಯಾರೂ ಒಳಗೆ ಹೋಗಿ ನೋಡುವ ಹಾಗಿಲ್ಲ. ಹೋಗಿ ನೋಡುವ ಹೊತ್ತಿಗೆ ಇವರು ನನ್ನನ್ನು ಪೂರ್ತಿ ಮರೆತಿರುತ್ತಾರೆ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ನಾನು ಹೂಂ ಅಂದೆ.

ಶನಿವಾರ ಇವರ ಬಟ್ಟೆಗಳನ್ನು ಬ್ಯಾಗಿಗೆ ತುಂಬಿದೆ. ಸಂಜೆ, ಇವರ ಜೊತೆ ಕೆಲಸ ಮಾಡುತ್ತಿದ್ದ ರೊಸ್ಲಿಗೆ ಫೋನ್ ಮಾಡಿದೆ. ಹನ್ನೊಂದು ವರ್ಷ ಇವರ ನಂತರದ ರಾತ್ರಿ ಶಿಫ್ಟ್ ಅವನದೇ. ಹಬ್ಬಕ್ಕೆ ನಮ್ಮ ಮನೆಗೆ ಬಂದು ಒಬ್ಬಟ್ಟು ತಿಂದು ಹೋಗುವವನು, ನನ್ನನ್ನು ಕಕ್ ಎನ್ನುತ್ತಾನೆ. ಅವರ ಭಾಷೆಯಲ್ಲಿ ಅಕ್ಕ ಎಂದು. ಹೋಮಿಗೆ ಹೋಗುವ ವಿಷಯ ತಿಳಿಸೋಣವೆಂದು ಮಾಡಿದ್ದು. ಅಷ್ಟರಲ್ಲಿ ಹಿಂದೆ ಬಾಗಿಲು ದಡದಡ ಎಂದಿತು.

"ಏನದು ಕಕ್?" ಎಂದ. ಅವನ ಇಂಗ್ಲಿಷನ್ನು ಕನ್ನಡದಲ್ಲೇ ಬರೆಯುತ್ತೇನೆ, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ 'ಲಾ' ಮಾತ್ರ ಹಾಗೇ ಇರಲಿ.

"ಅದೇಪ್ಪಾ, ದಿನದ ಗೋಳು. ಆರೂವರೆ ಆದರೆ ಕೆಲಸಕ್ಕೆ ಹೊರಡ್ತಾರೆ."

"ಸ್ವೆಟರ್ ಹಾಕ್ಕೊಂಡಿದಾರಾ?"

"ಇಲ್ಲ, ತೋಳಿನ ಮೇಲಿದೆ."

ಅವನು ಮೆಲ್ಲಗೆ, "ಕಕ್, ಅವರು ಕೆಲಸಕ್ಕೆ ಹೋಗ್ತಿಲ್ಲ ಲಾ. ಕೆಲಸ ಮುಗಿಸಿದಾರೆ. ನನಗೆ ಕಾಯ್ತಿದಾರೆ" ಎಂದ.

ಅವನು ಹೇಳಿದ್ದಿಷ್ಟು. ಅವರ ಕೆಲಸದಲ್ಲಿ ಗಂಟೆ ಆಯಿತೆಂದು ಯಾರೂ ಎದ್ದು ಹೋಗುವಂತಿಲ್ಲ. ಮುಂದಿನ ಶಿಫ್ಟಿನವನು ಬರಬೇಕು. ಅಲಾರಂ ಏನಾದರೂ ಬಂತಾ, ಟೆಂಪರೇಚರ್ ಹೇಗಿದೆ, ಪೆಂಡಿಂಗ್ ಏನಿದೆ ಎಂದು ಮೂರು ಪ್ರಶ್ನೆ ಕೇಳಬೇಕು. ಕೇಳಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿ, "ನಾನು ತಗೊಂಡೆ, ನೀವು ಮನೆಗೆ ಹೋಗಿ" ಎಂದು ಬಾಯಿ ಬಿಟ್ಟು ಹೇಳಬೇಕು. ಅದೇ ಹ್ಯಾಂಡೋವರ್. ಆ ಮಾತು ಕಿವಿಗೆ ಬೀಳುವವರೆಗೆ ಇವರು ಕುರ್ಚಿ ಬಿಡುತ್ತಿರಲಿಲ್ಲವಂತೆ. ಒಮ್ಮೆ ರೊಸ್ಲಿಯ ಕಾರು ಕೆಟ್ಟು ನಾಲ್ಕು ಗಂಟೆ ತಡವಾದಾಗಲೂ ಹಾಗೇ ಕೂತಿದ್ದರಂತೆ.

ವರ್ಷದ ಮೇಲಾಯಿತು, ಈ ಮನುಷ್ಯ ಡ್ಯೂಟಿ ಮೇಲೇ ಇದ್ದಾರೆ. ಯಾರೂ ಬಂದು ಬಿಡಿಸಿಲ್ಲ. ಮನೆಗೆ ಹೋಗಬೇಕು ಎಂದು ಗೋಗರೆದಾಗಲೆಲ್ಲ ನಾನು ಬೀಗ ಹಾಕಿದ್ದೇನೆ. ತೋಳಿನ ಮೇಲಿನ ಸ್ವೆಟರನ್ನು ದಿನಾ ಕಣ್ಣಾರೆ ನೋಡುತ್ತಿದ್ದೆ. ಮನೆಗೆ ಬರುವಾಗಿನ ರೀತಿ ಅದು ಎಂದು ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕಿತ್ತು!

"ಫೋನ್ ಅವರಿಗೆ ಕೊಡಿ" ಎಂದ ರೊಸ್ಲಿ. ಸ್ಪೀಕರಿನಲ್ಲಿಟ್ಟೆ. "ಭೂಷಣ್! ಸಾರಿ ಲಾ, ಲೇಟಾಯ್ತು. ಹೇಳಿ, ಅಲಾರಂ?"

ಮಧ್ಯಾಹ್ನ ತಿಂದದ್ದೇನೆಂದು ಹೇಳಲಾಗದವರು, ಮಗಳ ಹೆಸರಿಗೆ ತಡಕಾಡುವವರು, ನೆಟ್ಟಗೆ ನಿಂತರು. ದನಿಯೇ ಬೇರೆಯಾಯಿತು. ಅಲಾರಂ ಇಲ್ಲ, ಟೆಂಪರೇಚರ್ ನಾರ್ಮಲ್, ಎರಡನೇ ಚಿಲ್ಲರ್, ಅಂದರೆ ತಣ್ಣಗಿಡುವ ಯಂತ್ರ, ಒಂದು ವಾರದಿಂದ ಶಬ್ದ ಮಾಡುತ್ತಿದೆ, ಬೇಗ ನೋಡಿಸಬೇಕು ಎಂದು ಒಂದೂ ತಡವರಿಸದೆ ಒಪ್ಪಿಸಿದರು. "ನಾನು ತಗೊಂಡೆ ಭೂಷಣ್. ನೀವು ಮನೆಗೆ ಹೋಗಿ" ಎಂದ ರೊಸ್ಲಿ. ಇವರು ಸ್ವೆಟರನ್ನು ಗೂಟಕ್ಕೆ ಹಾಕಿ, ಚಪ್ಪಲಿ ಬಿಟ್ಟು, ಸೋಫಾದ ಮೇಲೆ ಕೂತು ಕಾಲು ಚಾಚಿದರು. "ಅಬ್ಬಾ! ಮನೆಗೆ ಬಂದೆ" ಎಂದರು.

ನಾನು ಬೆರಗಾಗಿ ನೋಡುತ್ತಾ ನಿಂತೆ. ಆ ಮೌನದಲ್ಲಿ ಅಡುಗೆಮನೆಯಿಂದ ಗುರ್ ಎಂದು ಸದ್ದು ಕೇಳಿತು. ಹೋಗಿ ನೋಡಿದರೆ ನಮ್ಮ ಫ್ರಿಜ್ಜು. ಎರಡನೇ ಚಿಲ್ಲರ್ ಅದೇ! ನಾನು ಗಮನಿಸಿಯೇ ಇರಲಿಲ್ಲ. ಇವರು ಯಾವುದೋ ಹಳೆಯ ಲೋಕದಲ್ಲಿದ್ದಾರೆಂದು ನಾನು ತಿಳಿದಿದ್ದೆ. ಇವರು ಕಾವಲು ಕಾಯುತ್ತಿದ್ದದ್ದು ನಮ್ಮ ಮನೆಯನ್ನೇ.

ಮರುದಿನ ಭಾನುವಾರ. ಬೆಳಿಗ್ಗೆಯಿಂದ ನನಗೆ ಗಂಟಲಲ್ಲಿ ಒಂದು ತುತ್ತು ಇಳಿಯಲಿಲ್ಲ. ಬ್ಯಾಗು ಬಾಗಿಲ ಪಕ್ಕದಲ್ಲೇ ಇತ್ತು. ಆರೂವರೆಗೆ ಇವರು ಬಂದು ನಿಂತಾಗ, ಹಾಲಿನ ಲೆಕ್ಕ ಬರೆಯಲೆಂದು ತಂದು ಹಾಗೇ ಇಟ್ಟಿದ್ದ ನೋಟ್‌ಬುಕ್ಕು, ಪೆನ್ನು ಹಿಡಿದು ನಾನೇ ಎದುರಿಗೆ ಹೋದೆ.

"ನಮಸ್ಕಾರ ಸಾರ್. ನೈಟ್ ಶಿಫ್ಟ್ ನನ್ದು."

ಇವರು ಮೇಲಿಂದ ಕೆಳಗೆ ನೋಡಿದರು. "ಹೊಸಬರಾ?"

"ಹೌದು ಸಾರ್. ಇವತ್ತೇ ಜಾಯಿನ್ ಆದೆ."

ಮೂವತ್ತನಾಲ್ಕು ವರ್ಷದ ಸಂಸಾರ. ಇವತ್ತು ಜಾಯಿನ್ ಆದೆನಂತೆ! ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಪ್ರಶ್ನೆ ಕೇಳಿದೆ. ಅಲಾರಂ ಇರಲಿಲ್ಲ. ಟೆಂಪರೇಚರ್ ಸರಿಯಿತ್ತು.

"ಪೆಂಡಿಂಗ್ ಏನಾದರೂ ಇದೆಯಾ ಸಾರ್?"

ಇವರು ಸ್ವಲ್ಪ ಹತ್ತಿರ ಬಂದರು. ದನಿ ತಗ್ಗಿಸಿದರು. "ಒಂದಿದೆ. ಅಡುಗೆಮನೆ ಕಡೆ ಒಬ್ಬರು ಲೇಡಿ ಇದಾರೆ. ಬೆಳಿಗ್ಗೆಯಿಂದ ಊಟ ಮಾಡಿಲ್ಲ. ಕೈಗೆ ಪೆಟ್ಟಾಗಿದೆ. ಯಾರಿಂದ ಆಯ್ತೋ ಗೊತ್ತಿಲ್ಲ. ತುಂಬಾ ಒಳ್ಳೆಯವರು. ಒಬ್ಬರನ್ನೇ ಬಿಡಬೇಡಿ, ನೋಡ್ಕೊಳ್ತಾ ಇರಿ. ಬರ್ಕೊಳ್ಳಿ."

ಬರೆದುಕೊಂಡೆ. ಅಕ್ಷರ ಕಾಣಿಸದಿದ್ದರೂ ಬರೆದುಕೊಂಡೆ. ಸಹಿ ಹಾಕಿ, "ನಾನು ತಗೊಂಡೆ ಸಾರ್, ನೀವು ಮನೆಗೆ ಹೋಗಿ" ಎಂದೆ. ನನ್ನ ಹೆಸರು ಹೋಗಿದೆ, ನಾನು ಯಾರೆಂಬುದು ಹೋಗಿದೆ, ಆದರೆ ನಾನು ಊಟ ಮಾಡಿಲ್ಲವೆಂಬುದು ಈ ಮನುಷ್ಯನಿಗೆ ಗೊತ್ತಿದೆ. ಇದು ಯಾವ ಡಾಕ್ಟರ ಸ್ಕ್ಯಾನಿನಲ್ಲಿ ಕಾಣಿಸುತ್ತದೆ ಹೇಳಿ? ನಾನು ಜೀವಮಾನದಲ್ಲಿ ಗುಡಿ ಗೋಪುರ ಬೇಕಾದಷ್ಟು ನೋಡಿದ್ದೇನೆ. ಮೈ ಜುಮ್ಮೆಂದದ್ದು ಆ ಸಂಜೆ, ನನ್ನ ಮನೆಯ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ.

ಮೇಘನಾಗೆ ಫೋನ್ ಮಾಡಿದೆ.

"ನಾಳೆ ಕಾರು ಬೇಡ ಅಂತ ಹೇಳಿಬಿಡು."

"ಅಮ್ಮಾ! ಯು ಸೆಡ್ ಯೆಸ್!"

"ಹೇಳಿದ್ದೆ ಕಣೇ. ಈಗ ಬೇಡ ಅಂತಿದೀನಿ."

"ವಾಟ್ ಚೇಂಜ್ಡ್?"

ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದಿದೆ. ಅದನ್ನು ಕೇಳಿ ನನ್ನ ಮಗಳು ಕನ್ನಡದಲ್ಲಿ, "ಫಸ್ಟ್ ಊಟ ಮಾಡು ಅಮ್ಮಾ" ಎಂದಳು.

ಹೋಮಿಗೆ ಕಳಿಸಿದವರು ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಆ ಸಂಜೆ ರೊಸ್ಲಿಗೆ ಫೋನ್ ಮಾಡದಿದ್ದರೆ ನಾನೂ ಕಳಿಸಿರುತ್ತಿದ್ದೆ. ಹ್ಯಾಂಡೋವರಿನಿಂದ ಕಾಯಿಲೆ ವಾಸಿಯೂ ಆಗಲಿಲ್ಲ. ಬಟ್ಟೆ ಒದ್ದೆಯಾಗುವುದು, ಸ್ನಾನಕ್ಕೆ ಹಟ, ಇಡ್ಲಿಯನ್ನು ಜೇಬಿನಲ್ಲಿ ಬಚ್ಚಿಡುವುದು ಎಲ್ಲ ಇತ್ತು. ನಾನು ರೇಗುವುದೂ ಇತ್ತು. ಜಿಲ್ಲೆಯ ಬೇಲಿ ತೆಗೆದ ಮೇಲೆ ಮೇಘನಾ ವಾರಕ್ಕೆರಡು ದಿನ ಬಂದು ನಿಲ್ಲುತ್ತಿದ್ದಳು, ನಾನು ಆ ದಿನ ಮಧ್ಯಾಹ್ನ ಬಾಗಿಲು ಹಾಕಿಕೊಂಡು ನಿದ್ದೆ ಮಾಡುತ್ತಿದ್ದೆ. ಆದರೆ ಇವರು ಮತ್ತೆ ಯಾರನ್ನೂ ತಳ್ಳಲಿಲ್ಲ. ದಿನಾ ಏಳಕ್ಕೆ ಮನೆಗೆ ಬರುತ್ತಿದ್ದರು. ಆ ನೋಟ್‌ಬುಕ್ಕಿನಲ್ಲಿ ಎಂಥೆಂಥ ಸಾಲುಗಳಿವೆ! "ಲೇಡಿ ಇವತ್ತು ಹಾಡು ಗುನುಗಿದರು, ನಾರ್ಮಲ್." "ಕಿಟಕಿಯಲ್ಲಿ ಹಕ್ಕಿ, ಎರಡು ಸಲ, ಆಕ್ಷನ್ ಬೇಡ." ನನ್ನ ಜೀವನವನ್ನು ಇಷ್ಟು ಶ್ರದ್ಧೆಯಿಂದ ಯಾರೂ ಎಂದೂ ಗಮನಿಸಿರಲಿಲ್ಲ, ಆರೋಗ್ಯವಾಗಿದ್ದಾಗ ಇವರೂ ಗಮನಿಸಿರಲಿಲ್ಲ.

ಬರಬರುತ್ತಾ ವರದಿ ಕಡಿಮೆಯಾಯಿತು. ಮೂರು ಪ್ರಶ್ನೆಗೆ ಮೂರು ಮಾತು, ಆಮೇಲೆ ಬರೀ ತಲೆಯಾಡಿಸುವುದು. ಆ ವರ್ಷದ ಕೊನೆಗೆ ಇವರು ಬಾಗಿಲಿಗೂ ಬರದಾದರು. ಏಳಕ್ಕೆ ನಾನೇ ಸೋಫಾದ ಹತ್ತಿರ ಸ್ಟೂಲು ಎಳೆದುಕೊಂಡು ಕೂತು, ಕೇಳಿ, ಉತ್ತರವಿಲ್ಲದಿದ್ದರೂ ಸಹಿ ಹಾಕಿ, "ಮನೆಗೆ ಹೋಗಿ" ಎನ್ನುತ್ತಿದ್ದೆ.

ಅಂಥ ಒಂದು ದಿನ ಬೆಳಿಗ್ಗೆ ದಾವಣಗೆರೆಯಿಂದ ತಮ್ಮ ಫೋನ್ ಮಾಡಿದ. ಅಮ್ಮ ಹೋಗಿಬಿಟ್ಟಳು. ಎಂಬತ್ತನಾಲ್ಕು ವರ್ಷ. ಕಳೆದ ಭಾನುವಾರವಷ್ಟೇ "ಅಳಿಯಂದ್ರು ಉಂಡ್ರೇನೇ?" ಎಂದು ಕೇಳಿದ್ದಳು. ಗಡಿ ಮುಚ್ಚಿತ್ತು, ಸಿಕ್ಕುವ ಒಂದೆರಡು ವಿಮಾನಕ್ಕೂ ಪರ್ಮಿಷನ್, ಕ್ವಾರಂಟೈನ್. ಇವರನ್ನು ಬಿಟ್ಟು ಹೋಗುವುದಂತೂ ಆಗದ ಮಾತು. ತಮ್ಮ ಫೋನು ಹಿಡಿದು ತೋರಿಸಿದ, ನಾನು ಅಡುಗೆಮನೆಯಲ್ಲಿ ನಿಂತು ಅಂಗೈಯಗಲದ ಪರದೆಯಲ್ಲಿ ಅಮ್ಮನನ್ನು ಕಳಿಸಿಕೊಟ್ಟೆ. ಅಳು ಬರಲಿಲ್ಲ. ಇವರಿಗೆ ಸ್ನಾನ ಮಾಡಿಸಿದೆ, ಅನ್ನ ಕಲಸಿ ತಿನ್ನಿಸಿದೆ, ಬಟ್ಟೆ ಒಗೆದೆ.

ಸಂಜೆ ಏಳಕ್ಕೆ ಸ್ಟೂಲಿನ ಮೇಲೆ ಕೂತೆ. ಪ್ರಶ್ನೆ ಕೇಳಲು ಬಾಯಿ ಬರಲಿಲ್ಲ. ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು, ಏನು ತೋಚಿತೋ, ನಾನೇ ವರದಿ ಒಪ್ಪಿಸತೊಡಗಿದೆ.

"ಅಲಾರಂ ಇಲ್ಲ ಸಾರ್. ಟೆಂಪರೇಚರ್ ನಾರ್ಮಲ್. ಪೆಂಡಿಂಗ್..." ಎಂದವಳಿಗೆ ಮುಂದೆ ಹೋಗಲಾಗಲಿಲ್ಲ. "ಪೆಂಡಿಂಗ್, ನಮ್ಮಮ್ಮ ಹೋದ್ಲು ಕಣ್ರೀ. ನಾನು ಊರಿಗೆ ಹೋಗ್ಲಿಲ್ಲ. ಸಾಕಾಗಿದೆ ನನಗೆ."

ಮೂರು ವಾರದಿಂದ ಒಂದು ಮಾತೂ ಆಡದವರು ಇವರು. ತಿರುಗಿ ನನ್ನನ್ನು ನೋಡಿದರು. ನಿಧಾನವಾಗಿ ಕೈ ಚಾಚಿ ನನ್ನ ಬೆರಳಿನಿಂದ ಪೆನ್ನು ತೆಗೆದುಕೊಂಡರು. ನೋಟ್‌ಬುಕ್ಕಿನ ಮೇಲೆ ಬಾಗಿ, ಸಹಿಯ ಜಾಗದಲ್ಲಿ ಒಂದು ಗೆರೆ ಎಳೆದರು. ಗೆರೆ ನಡುಗಿತ್ತು, ಆದರೆ ಜಾಗ ಸರಿಯಾಗಿತ್ತು.

"ನಾನು ತಗೊಂಡೆ" ಎಂದರು. "ನೀವು ಮನೆಗೆ ಹೋಗಿ."

ಆಗ ಅಳು ಬಂತು. ದಾವಣಗೆರೆಯ ಮನೆ ಬಾಗಿಲು, ಅಮ್ಮನ ಸೆರಗು, ವರ್ಷಗಟ್ಟಲೆ ನಾನು ಅಳದೇ ಬಿಟ್ಟದ್ದೆಲ್ಲ ಒಟ್ಟಿಗೇ ಬಂತು. ಇವರು ಪೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು, ನೆಟ್ಟಗೆ ಕೂತು, ಬಾಗಿಲ ಕಡೆ ನೋಡುತ್ತಾ ಕಾವಲು ಕಾದರು. ನಾನು ಸ್ಟೂಲಿನಿಂದ ಎದ್ದು ಸೋಫಾದಲ್ಲಿ ಅವರ ಪಕ್ಕ ಕೂತೆ. ಕಾಲು ಚಾಚಿದೆ. ಅವತ್ತು ಮನೆಗೆ ಬಂದವಳು ನಾನು.